ಅಪ್‌ಡೇಟ್: ಪದ್ಮಿನಿಯ ಮುರಿದ ಬೋಲ್ಟ್ ಕೊನೆಗೂ ಹೊರಬಂತು

ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೊಸದಾಗಿ ಓದುವವರಿಗೆ: ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಹಿಂದಿನ ಲೀಫ್ (ಉಕ್ಕಿನ ಪಟ್ಟಿಗಳ) ಸ್ಪ್ರಿಂಗ್‌ನ ಮುಂತುದಿಯ ಬೋಲ್ಟ್ ಬಿಚ್ಚುವಾಗ ತಲೆ ಕಡಿದು ಹೋಗಿತ್ತು. ಉಳಿದ ತುಂಡು ಬುಶ್ (ಸ್ಪ್ರಿಂಗ್ ತುದಿಯಲ್ಲಿ ಕೂರುವ ರಬ್ಬರ್ ಸುತ್ತು) ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸಿ ಅಂತ ಜಾಸ್ತಿ ಜನ ಹೇಳಿದ್ದಿರಿ. ಥ್ರೆಡ್‌ನಲ್ಲಿ ಮುರಿದ ಬೋಲ್ಟ್‌ಗೆ ಅದು ಒಳ್ಳೆಯ ಉಪಾಯವೇ. ಇಲ್ಲಿ ಮಾತ್ರ ಬೋಲ್ಟ್ ಜೊತೆ ಕೊಳವೆಯೂ ತಿರುಗುತ್ತದೆ, ರಬ್ಬರ್ ಸುಮ್ನೆ ತಿರುಚಿ ವಾಪಸ್ ಬರುತ್ತದೆ. ಗ್ಯಾಸ್‌ನಲ್ಲಿ ಕಾಯಿಸೋಣ ಅಂದರೆ ರಬ್ಬರ್ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಪೈಪ್. ಬೇಡಪ್ಪಾ! ಮೇಸ್ತ್ರಿಯಂತೂ "ಗಾಡಿ ಮಾರಿಬಿಡಿ ಸಾರ್" ಅಂದರು.

ಕೊನೆಗೆ ಕತ್ತರಿಸಿದೆವು. ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಜ್ಯಾಕ್ ಕೊಟ್ಟು ಸ್ಪ್ರಿಂಗ್ ಮೇಲಿನ ಒತ್ತಡ ಇಳಿಸಿದೆವು. ಬಾಡಿಯಲ್ಲಿ ಬೋಲ್ಟ್ ಹಿಡಿಯುವ ಬ್ರಾಕೆಟ್‌ಗೂ ಸ್ಪ್ರಿಂಗ್ ಕಣ್ಣಿಗೂ (ತುದಿಯ ಬಳೆಗೂ) ನಡುವಿನ ಸಂದಿನಲ್ಲಿ ಆಕ್ಸಾ ಬ್ಲೇಡ್ ತೂರಿಸಿ ಎರಡೂ ಬದಿ ಕೊಯ್ದದ್ದು. ಗ್ರೈಂಡರ್‌ಗೆ ಜಾಗವೂ ಇಲ್ಲ, ಕಿಡಿಯ ಭಯ ಬೇರೆ. ಕೈ ಸೋತು ಹೋಯಿತು, ಆದರೆ ಬ್ರಾಕೆಟ್‌ಗೆ ಒಂದು ಗೀರೂ ಬೀಳಲಿಲ್ಲ. ಹಳೇ ಬುಶ್ಶನ್ನು ಲೇತ್ ಅಂಗಡಿಯಲ್ಲಿ ಪ್ರೆಸ್ ಹಾಕಿ ತೆಗೆಸಿದೆ.

ಹೊಸ ಬೋಲ್ಟ್ ಹೆಚ್ಚು ಬಲದ 8.8 ಗ್ರೇಡ್‌ನದು. ಕೊಳವೆಯೊಳಗೆ ಕೂರುವ ಭಾಗಕ್ಕೆ ಗ್ರೀಸ್ ಸವರಿದ್ದೇನೆ. ಕೊನೆಯ ಬಿಗಿ ಮಾತ್ರ ಗಾಡಿಯ ಭಾರ ಚಕ್ರದ ಮೇಲೆ ಬಂದಮೇಲೇ ಕೊಟ್ಟೆ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಅಲ್ವಾ? ಇನ್ನೊಂದು ಬದಿಯ ಬೋಲ್ಟ್‌ಗೆ ಈಗಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೇನೆ.