ಪೈಥಾನ್: ಲಿಸ್ಟನ್ನು ಒಳಗೆ ಮುಚ್ಚಿಟ್ಟ ಮೇಲೆ ಅಪೆಂಡ್ ಮಾಡಿದ್ದು (ಕೊನೆಗೆ ಸೇರಿಸಿದ್ದು) ಮಾಯ

ಹಿಂಜವಡಿ_ಹೈದ:
ನಮಸ್ಕಾರ. ಪುಣೆಯಲ್ಲಿ ನಮ್ಮ ಟೀಮ್ ರೈಲು-ಬಸ್ ಮಾರ್ಗಗಳ ಒಂದು ಲೈಬ್ರರಿ ನೋಡಿಕೊಳ್ಳುತ್ತದೆ. ರೂಟ್ ಕ್ಲಾಸಿನ ಸ್ಟಾಪ್ಸ್ ಲಿಸ್ಟ್ ಮೊದಲಿಂದಲೂ ಬಯಲಲ್ಲೇ ಇದೆ, ಯಾರು ಬೇಕಾದರೂ ಕೈ ಹಾಕಬಹುದು. ಈಗ ಸ್ಟಾಪ್ ಸೇರಿದಾಗಲೆಲ್ಲ ದೂರ ಹೊಸದಾಗಿ ಲೆಕ್ಕ ಹಾಕಬೇಕು, ಅದಕ್ಕೆ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ ಲಿಸ್ಟನ್ನು ಒಳಗಿಟ್ಟು, ಹಳೇ ಹೆಸರಿನ ಪ್ರಾಪರ್ಟಿಯಿಂದ (ಹೆಸರು ಕೇಳಿದಾಗ ಹಿಂದೆ ಓಡುವ ಮೆಥಡ್) ಕಾಪಿ ಕೊಡುವ ಹಾಗೆ ಬರೆದೆ. ನಮ್ಮ ಟೆಸ್ಟ್ ಎಲ್ಲ ಪಾಸ್. ಆದರೆ ಮುಂಬೈ ಟೀಮ್‌ನವರು ಶಿವಾಜಿನಗರ ಆದಮೇಲೆ ಖಡ್ಕಿ ಅಪೆಂಡ್ ಮಾಡಿದರೆ ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಖಡ್ಕಿಯೂ ಇಲ್ಲ! ಅವರ ಕೋಡ್ ಕೆಡದ ಹಾಗೆ ಇದನ್ನು ಮುಚ್ಚೋದು ಹೇಗೆ?

ಠಾಣೆ_ಲೋಕಲ್:
ಪೂರ್ತಿ ಕಿತ್ತು ಹಾಕಿ 2.0 ಅಂತ ಬಿಟ್ಟುಬಿಡಿ ಗುರು, ಸುಮ್ನೆ ಯಾಕೆ ತಲೆನೋವು.

ಕೋಥ್ರೂಡ್_ಅಕ್ಕ:
ಹಾಗೆ ಬಿಟ್ಟರೆ ಅವರು 1.x ನಲ್ಲೇ ಕೂತುಬಿಡುತ್ತಾರೆ, ಆಮೇಲೆ ಎರಡನ್ನೂ ನೀವೇ ನೋಡಿಕೊಳ್ಳಬೇಕು. ತೊಂದರೆ ಇರೋದು ಕಾಪಿಯಲ್ಲಿ. ಓದುವವರಿಗೆ ಅದು ಸಾಕು, ಆದರೆ ಅಪೆಂಡ್ ಆಗೋದು ಕಾಪಿಗೆ, ಆ ಕಾಪಿ ಅಲ್ಲೇ ಕಸಕ್ಕೆ ಹೋಗುತ್ತದೆ. ಟ್ಯೂಪಲ್ (ಬದಲಿಸಲಾಗದ ಲಿಸ್ಟ್ ಥರದ್ದು) ಕೊಟ್ಟಿದ್ದರೆ, ಅದಕ್ಕೆ ಅಪೆಂಡ್ ಇಲ್ಲ ಅಂತ ಆಟ್ರಿಬ್ಯೂಟ್‌ಎರರ್ ಆದರೂ ಬರುತ್ತಿತ್ತು. ತಪ್ಪು ಉತ್ತರ ಕೊಟ್ಟುಕೊಂಡು ಓಡುವ ಕೋಡಿಗಿಂತ ಕೂಗಿಕೊಂಡು ಬೀಳುವ ಕೋಡ್ ಎಷ್ಟೋ ವಾಸಿ. ಆದರೆ ಟ್ಯೂಪಲ್ ಮುಂದಿನ ಮೇಜರ್ ವರ್ಷನ್‌ಗೆ ಇರಲಿ.

ಈಗ ಹೀಗೆ ಮಾಡಿ: ಲಿಸ್ಟಿನದೇ ಸಬ್‌ಕ್ಲಾಸ್ (ಲಿಸ್ಟಿನ ಗುಣಗಳನ್ನೆಲ್ಲ ಪಡೆದ ನಿಮ್ಮದೇ ಕ್ಲಾಸ್) ಬರೆದು ಪ್ರಾಪರ್ಟಿಯಿಂದ ಅದನ್ನೇ ಕೊಡಿ. ಅಪೆಂಡ್, ಇನ್ಸರ್ಟ್, ಪಾಪ್, ಸಾರ್ಟ್, ಹೀಗೆ ಲಿಸ್ಟನ್ನು ಬದಲಿಸುವ ಮೆಥಡ್‌ಗಳೆಲ್ಲ ಡೆಪ್ರಿಕೇಶನ್‌ವಾರ್ನಿಂಗ್ (ಈ ದಾರಿ ಮುಂದೆ ಇರಲ್ಲ ಅನ್ನೋ ಎಚ್ಚರಿಕೆ) ಕೊಟ್ಟು, ಕೆಲಸ ಮುಗಿಸಿ, ದೂರದ ಲೆಕ್ಕವನ್ನೂ ಮಾಡಲಿ. ಬರೀ ಓದುವವರಿಗೆ ಕಿರಿಕಿರಿ ಇಲ್ಲ, ಇದು ಲಿಸ್ಟೇನಾ ಅಂತ ನೋಡುವ ಇಸ್‌ಇನ್‌ಸ್ಟೆನ್ಸ್ ಚೆಕ್ ಕೂಡ ಮೊದಲಿನ ಹಾಗೇ ನಡೆಯುತ್ತದೆ. ಹೊಸ ಆಡ್‌ಸ್ಟಾಪ್ ಮೆಥಡ್ ಹೆಸರನ್ನು ವಾರ್ನಿಂಗ್‌ನಲ್ಲೇ ಹೇಳಿ. ಪ್ರಾಪರ್ಟಿಗೆ ಏನಾದರೂ ಅಸೈನ್ ಮಾಡಿದಾಗ ಓಡುವ ಸೆಟ್ಟರ್ ಬರೆಯಿರಿ, ಇಲ್ಲದಿದ್ದರೆ += ಲಿಸ್ಟನ್ನು ಬದಲಿಸಿ ಆಮೇಲೆ ಎರರ್ ಕೊಡುತ್ತದೆ, ಅದರಂಥ ಪೀಡೆ ಇನ್ನೊಂದಿಲ್ಲ.

ವಾರ್ನಿಂಗ್ ಕೊಡುವಾಗ ಸ್ಟ್ಯಾಕ್‌ಲೆವೆಲ್ 2 ಇಡಿ, ಆಗ ವಾರ್ನಿಂಗ್ ನಿಮ್ಮ ಫೈಲನ್ನಲ್ಲ, ಅವರ ಸಾಲನ್ನು ತೋರಿಸುತ್ತದೆ. ಪೈಥಾನ್ 3.7ರಿಂದ ಈ ವಾರ್ನಿಂಗ್ ತಾನಾಗಿ ಕಾಣೋದು ಮೇನ್ ಸ್ಕ್ರಿಪ್ಟಿನ ಕೋಡಿಗೆ ಮಾತ್ರ, ಮಿಕ್ಕ ಕಡೆ ಅಡಗಿರುತ್ತದೆ. ಟೆಸ್ಟ್ ಓಡಿಸುವ ಪೈಟೆಸ್ಟ್ ಅದನ್ನು ತೋರಿಸುತ್ತದೆ. ಮುಂಬೈಯವರಿಗೆ ಟೆಸ್ಟ್ ಓಡಿಸೋಕೆ ಹೇಳಿ.

ಹಿಂಜವಡಿ_ಹೈದ:
ಅಪೆಂಡ್ ಸರಿಹೋಯಿತು ಅಕ್ಕಾ, ಥ್ಯಾಂಕ್ಸ್. ಈಗ ಇನ್ನೊಂದು. ಹಳೇ ಪಿಕಲ್ ಫೈಲ್ (ಆಬ್ಜೆಕ್ಟನ್ನು ಹಾಗೇ ಉಳಿಸಿಟ್ಟ ಫೈಲ್) ಲೋಡ್ ಆಗುತ್ತದೆ, ಆದರೆ ಸ್ಟಾಪ್ಸ್ ಕೇಳಿದರೆ ಅಂಡರ್‌ಸ್ಕೋರ್ ಹೆಸರಿನದು ಇಲ್ಲ ಅಂತ ಬೈಯುತ್ತದೆ.

ಕೋಥ್ರೂಡ್_ಅಕ್ಕ:
ಪಿಕಲ್ ಲೋಡ್ ಆಗುವಾಗ ಇನಿಟ್ (ಹೊಸ ಆಬ್ಜೆಕ್ಟನ್ನು ಸಜ್ಜು ಮಾಡುವ ಮೆಥಡ್) ಓಡುವುದಿಲ್ಲ. ಹಳೇ ಡೇಟಾ ಹಳೇ ಹೆಸರಲ್ಲೇ ನೇರ ಆಬ್ಜೆಕ್ಟಿನ ಡಿಕ್ಟ್ (ಅದರ ಹೆಸರು-ಬೆಲೆಗಳ ಪಟ್ಟಿ) ಒಳಗೆ ಬಂದು ಕೂರುತ್ತದೆ, ನಿಮ್ಮ ಪ್ರಾಪರ್ಟಿ ಹೊಸ ಹೆಸರನ್ನು ಹುಡುಕುತ್ತದೆ. ಲೋಡ್ ಆಗುವಾಗ ಓಡುವ ಸೆಟ್‌ಸ್ಟೇಟ್ ಮೆಥಡ್ ಬರೆದು, ಹಳೇ ಹೆಸರು ಕಂಡರೆ ಹೊಸದಕ್ಕೆ ಸಾಗಿಸಿ. ಹಳೇ ವರ್ಷನ್ ಬರೆದ ಒಂದು ಪಿಕಲ್ ಫೈಲನ್ನು ಟೆಸ್ಟ್ ಫೋಲ್ಡರಿನಲ್ಲಿ ಹಾಗೇ ಇಟ್ಟುಕೊಳ್ಳಿ, ಹೊಸ ಕೋಡ್ ಬರೆದ ಫೈಲಿನಲ್ಲಿ ಈ ಬಗ್ ಸಿಗೋದೇ ಇಲ್ಲ.