ಖರೀತಾ, ಅರ್ಜಿ, ಪರವಾನೆ: ಕುಂಪಣಿ ಕಾಲದ ಎಲ್ಲ ಬರಹಕ್ಕೂ ‘ಪತ್ರ’ ಎಂದರೆ ಸಾಕೇ?

ಪ್ರಶ್ನೆ

ಈಸ್ಟ್ ಇಂಡಿಯಾ ಕಂಪನಿಯ ಪಾರಸಿ ದಫ್ತರದ ಪತ್ರವ್ಯವಹಾರವನ್ನು ಅದರ ಇಂಗ್ಲಿಷ್ ಸಾರಾಂಶಗಳಿಂದ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ರಾಜರು, ನವಾಬರು, ಸಾಹುಕಾರರು ಗವರ್ನರನಿಗೆ ಬರೆದದ್ದು, ಅವನು ಅವರಿಗೆ ಬರೆದದ್ದು ಎರಡೂ ಅದರಲ್ಲಿವೆ. ಇಂಗ್ಲಿಷಿನವರು ಬಹುಪಾಲು ಎಲ್ಲವನ್ನೂ ‘ಲೆಟರ್’ ಎಂದು ಕರೆದುಬಿಟ್ಟಿದ್ದಾರೆ. ಅಲ್ಲಲ್ಲಿ ಮಾತ್ರ ಅರ್ಜಿ, ಖರೀತಾ, ಪರವಾನಾ, ಸನದು (ಹಕ್ಕು ಅಥವಾ ಅಧಿಕಾರ ಕೊಡುವ ಬರಹ) ಎಂಬ ಮೂಲಪದ ಉಳಿದಿದೆ. ಕನ್ನಡದಲ್ಲಿ ಎಲ್ಲಕ್ಕೂ ‘ಪತ್ರ’ ಎಂದರೆ ತಪ್ಪಾದೀತೇ? ಮೂಲಪದವನ್ನೇ ಇಟ್ಟರೆ ‘ಅರ್ಜಿ’, ‘ಪರವಾನೆ’, ‘ವಕೀಲ’ ಎಂಬವನ್ನು ಓದುಗರು ಇಂದಿನ ಅರ್ಥದಲ್ಲೇ ತೆಗೆದುಕೊಳ್ಳುತ್ತಾರಲ್ಲ? ಮರಾಠಿ ಕಾಗದಗಳ ‘ಖಲಿತಾ’ ಮತ್ತು ‘ಖರೀತಾ’ ಒಂದೇ ತಾನೆ?

ಉತ್ತರ

ಕೊನೆಯದು ಸುಲಭ. ಎರಡೂ ಒಂದೇ, ರಕಾರ ಲಕಾರವಾಗಿದೆ, ಅಷ್ಟೆ. ಖರೀತಾ ಎಂದರೆ ಮೊದಲು ಚೀಲ. ಕಿಂಕಾಪು (ಜರತಾರಿ ಬಟ್ಟೆ) ಅಥವಾ ರೇಷ್ಮೆಯ ಉದ್ದನೆಯ ಚೀಲದೊಳಗೆ ಮಡಿಸಿದ ಕಾಗದವನ್ನಿಟ್ಟು, ಬಾಯಿಗೆ ದಾರ ಬಿಗಿದು, ಆ ದಾರಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದರು. ಆಮೇಲೆ ಒಳಗಿನ ಕಾಗದಕ್ಕೂ ಅದೇ ಹೆಸರಾಯಿತು. ಮರಾಠಿಯ ‘ಥೈಲೀಪತ್ರ’ ಹುಟ್ಟಿದ್ದೂ ಹೀಗೆಯೇ. ಆದ್ದರಿಂದ ‘ಖರೀತಾ ಬಂತು’ ಎಂದು ಕಂಡರೆ, ಸರಿಸಮಾನ ಅಥವಾ ಹಾಗೆಂದು ಒಪ್ಪಿಕೊಂಡ ಅರಸನ ಮರ್ಯಾದೆಯ ಕಾಗದ ಬಂತು ಎಂದು ತಿಳಿಯಬೇಕು.

ಮೊದಲ ಪ್ರಶ್ನೆಗೆ ಉತ್ತರ: ಖಂಡಿತ ಸಾಲದು. ಆ ಕಾಲದ ಬರಹದ ಹೆಸರಿನಲ್ಲೇ ಬರೆದವನ ಮತ್ತು ಓದುವವನ ಅಂತಸ್ತು ಅಡಗಿದೆ. ಬಾದಶಹ ಕೊಟ್ಟದ್ದು ಫರ್ಮಾನು. ಶಹಜಾದೆ ಕೊಟ್ಟದ್ದು ನಿಶಾನು. ಬಾದಶಹನ ಅಪ್ಪಣೆಯ ಮೇರೆಗೆ ಮಂತ್ರಿ ತನ್ನ ಮುದ್ರೆ ಒತ್ತಿ ಕಳಿಸಿದ್ದು ಹಸ್ಬುಲ್ ಹುಕ್ಮು. ಮೇಲಿನವನು ಕೆಳಗಿನವನಿಗೆ ಬರೆದರೆ ಪರವಾನೆ, ಕೆಳಗಿನವನು ಮೇಲಕ್ಕೆ ಬರೆದರೆ ಅರ್ಜಿ ಅಥವಾ ಅರ್ಜದಾಸ್ತು, ಸಮಾನರ ನಡುವೆ ಖತ್ತು. ವರ್ಷಕ್ಕೆ 3,000 ರೂಪಾಯಿ ಪೇಶ್ಕಶ್, ಅಂದರೆ ಕಾಣಿಕೆ, ಸಲ್ಲಿಸಿ ಬಂಗಾಳದಲ್ಲಿ ಸುಂಕವಿಲ್ಲದೆ ವ್ಯಾಪಾರ ಮಾಡಬಹುದೆಂದು ಮೊಗಲ್ ಬಾದಶಹ ಫರ್ರುಖ್‌ಸಿಯರ್ 1717ರಲ್ಲಿ ಕಂಪನಿಗೆ ಕೊಟ್ಟದ್ದು ಫರ್ಮಾನು. ಅದರ ಬಲದ ಮೇಲೆ ಕಂಪನಿಯ ಅಧಿಕಾರಿಗಳು ಸರಕಿನ ಜೊತೆ ಕಳಿಸುತ್ತಿದ್ದ ಚೀಟಿ ದಸ್ತಕು. ಇವೆರಡನ್ನೂ ‘ಅನುಮತಿ ಪತ್ರ’ ಎಂದು ಬರೆದರೆ, ಕಂಪನಿಯ ನೌಕರರು ತಮ್ಮ ಸ್ವಂತ ವ್ಯಾಪಾರಕ್ಕೂ ದಸ್ತಕು ಬಳಸಿದ್ದು ಏಕೆ ಜಗಳವಾಯಿತು, ಬಂಗಾಳದ ನವಾಬ ಮೀರ್ ಕಾಸಿಮ್ ಏಕೆ ಸಿಡಿದೆದ್ದ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಫರ್ಮಾನು ಇದ್ದದ್ದು ಕಂಪನಿಗೆ, ನೌಕರನ ಖಾಸಗಿ ಮೂಟೆಗಲ್ಲ.

ಇಂಗ್ಲಿಷ್ ಸಾರಾಂಶದಲ್ಲಿ ಮೂಲಪದ ಅಳಿಸಿಹೋಗಿದ್ದರೆ ಬಗೆಯನ್ನು ಹೇಗೆ ಗುರುತಿಸುವುದು? ಮೂಲ ಕಾಗದ ಅಥವಾ ಅದರ ಚಿತ್ರ ಸಿಕ್ಕರೆ ಮೊದಲು ಮುದ್ರೆ ಎಲ್ಲಿದೆ ನೋಡಿ. ಪರವಾನೆಯಲ್ಲಿ ಮುದ್ರೆ ಮುಂಬದಿಯ ಮೇಲ್ಭಾಗದಲ್ಲಿರುತ್ತದೆ, ಅರ್ಜಿಯಲ್ಲಿ ಹಿಂಬದಿಯಲ್ಲಿ. ಮೂಲ ಸಿಗದಿದ್ದರೆ ಒಕ್ಕಣೆಯ ಆದಿ ಅಂತ್ಯಗಳನ್ನು ಹಿಡಿಯಬೇಕು. ಪಾರಸಿಯಲ್ಲಿ ಮೊದಲು ಅಲ್ಕಾಬು, ಅಂದರೆ ಬಿರುದಾವಳಿ, ಆಮೇಲೆ ಕುಶಲದ ಮಾತು, ಆಮೇಲೆ ವಿಷಯ. ದುರದೃಷ್ಟಕ್ಕೆ ಸಾರಾಂಶ ಮಾಡಿದವರು ಹೆಚ್ಚಾಗಿ ಕತ್ತರಿಸಿದ್ದು ಈ ಮೊದಲೆರಡನ್ನೇ. ಮರಾಠಿ ಕಾಗದವಾದರೆ ಮುಕ್ತಾಯ ನಿಮಗೆ ನೆರವಾಗುತ್ತದೆ: ‘ಜಾಣಿಜೆ’ ಎಂದು ಮುಗಿದರೆ ಮೇಲಿನಿಂದ ಕೆಳಕ್ಕೆ, ‘ಹೇ ವಿಜ್ಞಾಪನಾ’ ಎಂದರೆ ಕೆಳಗಿನಿಂದ ಮೇಲಕ್ಕೆ, ‘ಬಹುತ ಕಾಯ ಲಿಹಿಣೆ’ ಎಂದರೆ ಸಮಾನರ ನಡುವೆ.

ಈ ಸಣ್ಣ ಗುರುತುಗಳ ಹಿಂದೆ ದೊಡ್ಡ ರಾಜಕೀಯವಿದೆ. ಗವರ್ನರ್ ಜನರಲನ ಪಾರಸಿ ಮುದ್ರೆಯಲ್ಲಿ ತಾನು ಬಾದಶಹನ ಸೇವಕ ಎಂಬ ಮಾತು ಬಹುಕಾಲ ಇತ್ತು. 1813ರಿಂದ 1823ರವರೆಗೆ ಆ ಹುದ್ದೆಯಲ್ಲಿದ್ದ ಮಾರ್ಕ್ವೆಸ್ ಹೇಸ್ಟಿಂಗ್ಸ್ ಅದನ್ನು ತೆಗೆಸಿದ. ವಾರನ್ ಹೇಸ್ಟಿಂಗ್ಸ್ ಬೇರೆ, ಇವನು ಬೇರೆ. ಅನುವಾದದಲ್ಲಿ ಬರೇ ‘ಹೇಸ್ಟಿಂಗ್ಸ್’ ಎಂದು ಬಿಡಬೇಡಿ.

ಕನ್ನಡದಲ್ಲಿ ಸರಿಹೊಂದುವ ಮಾತುಗಳು ಇಲ್ಲದೆ ಇಲ್ಲ. ದೊರೆಯ ಆಜ್ಞೆಯ ಬರಹಕ್ಕೆ ‘ನಿರೂಪ’, ಕೆಳಗಿನವನ ಬರಹಕ್ಕೆ ‘ಬಿನ್ನಹ’, ‘ಬಿನ್ನವತ್ತಳೆ’, ಒಕ್ಕಣೆ ಬರೆಯುವ ಅಧಿಕಾರಿಗೆ ‘ರಾಯಸದವನು’. ವಿಜಯನಗರ, ಕೆಳದಿ, ಮೈಸೂರು ಕಾಗದಗಳಿಗೆ ಇವು ಚೆನ್ನ. ಆದರೆ ಮುರ್ಷಿದಾಬಾದಿನ ನವಾಬ ‘ನಿರೂಪ ಕಳಿಸಿದ’ ಎಂದರೆ ಕಿವಿಗೆ ಒಗ್ಗದು, ಅರ್ಥವೂ ಸರಿಯುತ್ತದೆ. ಅಲ್ಲಿ ಪರವಾನೆ, ಅರ್ಜಿ ಎಂದೇ ಇಟ್ಟು, ಮೊದಲ ಸಲ ಬಂದಾಗ ವಾಕ್ಯದೊಳಗೇ ಬಿಡಿಸಿ ಹೇಳುವುದು ಮೇಲು: ‘ಅಧೀನನು ಬರೆಯುವ ರೀತಿಯಲ್ಲಿ ಅರ್ಜಿ ಬರೆದ’ ಎಂಬಂತೆ. ‘ಪರವಾನಗಿ’ ಎಂಬ ರೂಪವನ್ನು ಮಾತ್ರ ಬಿಟ್ಟುಬಿಡಿ. ಅದು ಈಗ ಲೈಸೆನ್ಸಿಗೆ ಅಂಟಿಕೊಂಡಿದೆ. ‘ವಕೀಲ’ನಿಗೆ ಒಂದೊಂದು ಕಡೆಯೂ ‘ರಾಯಭಾರಿ’ ಎನ್ನುವುದೂ ಸರಿಯಲ್ಲ. ಅವನು ಅರಸನ ಪರವಾಗಿ ಎದುರು ದರ್ಬಾರಿನಲ್ಲಿ ನೆಲೆಸಿ, ಸುದ್ದಿ ಬರೆದು ಕಳಿಸಿ, ಮಾತುಕತೆ ನಡೆಸುವವನು. ಒಬ್ಬ ಜಮೀನ್ದಾರನಿಗೂ ವಕೀಲನಿರುತ್ತಿದ್ದ. ಅರಸನ ಕಡೆಯವನಾದರೆ ‘ರಾಯಭಾರಿ’, ಉಳಿದವರಿಗೆ ‘ಪ್ರತಿನಿಧಿ’ ಎಂದು ಬರೆಯಬಹುದು. ‘ಯಾದಿ’ ಕೂಡ ಅಂಥದೇ: ಇಂದು ಪಟ್ಟಿ, ಅಂದು ಬೇಡಿಕೆಗಳನ್ನು ಕಲಮುಕಲಮಾಗಿ ಬರೆದ ಜ್ಞಾಪನ.

ಇಂಗ್ಲಿಷಿನ ಮೇಲೆ ಪೂರ್ತಿ ಭಾರ ಹಾಕಬಾರದೆಂಬುದಕ್ಕೆ ಮೈಸೂರಿನದೇ ಉದಾಹರಣೆ ಇದೆ. ಗವರ್ನರ್ ಜನರಲ್ ವೆಲ್ಲೆಸ್ಲಿ ಮೇಜರ್ ಡವ್ಟನನನ್ನು ಮಾತುಕತೆಗೆ ಕಳಿಸುತ್ತೇನೆಂದು ಬರೆದದ್ದಕ್ಕೆ ಟಿಪ್ಪುವಿನ ಉತ್ತರ 1799ರ ಫೆಬ್ರವರಿಯಲ್ಲಿ ಮದರಾಸು ತಲುಪಿತು. ತಾನು ಬೇಟೆಗೆ ಹೊರಟಿದ್ದೇನೆ, ಡವ್ಟನನನ್ನು ಕಳಿಸಿ ಎಂಬ ಮಾತಿನ ಜೊತೆಗೆ ಅವನು ಹೇಗೆ ಬರಬೇಕೆಂಬ ಒಂದು ಮಾತೂ ಇತ್ತು. ಅದನ್ನು ‘ಕೆಲವೇ ಜನರೊಡನೆ, ಅಥವಾ ಯಾರೂ ಇಲ್ಲದೆ’ ಎಂದು ಕಂಪನಿಯ ಅನುವಾದಕನೇ ಎರಡು ಬಗೆಯಾಗಿ ಕೊಟ್ಟಿದ್ದಾನೆ. ಕನ್ನಡದಲ್ಲೂ ಎರಡನ್ನೂ ಉಳಿಸಬೇಕು. ಒಂದನ್ನು ಆರಿಸಿದರೆ ಟಿಪ್ಪುವಿನ ದನಿ ನಮ್ಮ ಕೈಯಲ್ಲಿ ಗಡುಸಾಗಿಯೋ ಮೆದುವಾಗಿಯೋ ಬದಲಾಗುತ್ತದೆ.

ಇನ್ನೊಂದು ಉತ್ತರ

ಮೇಲಿನದಕ್ಕೆ ಸಹಿ ಮತ್ತು ತಾರೀಖಿನ ವಿಷಯ ಸೇರಿಸುತ್ತೇನೆ. ಅನುವಾದದಲ್ಲಿ ಹೆಚ್ಚು ಎಡವುವುದು ಅಲ್ಲೇ.

‘ಸಹಿ’ಯ ಮೂಲಾರ್ಥ ‘ಸರಿಯಿದೆ’. ದೊರೆ ಹಾಕುತ್ತಿದ್ದುದು ಒಪ್ಪಿಗೆಯ ಗುರುತನ್ನು, ತನ್ನ ಹೆಸರನ್ನೇ ಅಲ್ಲ. ವಿಜಯನಗರದವರು ‘ಶ್ರೀ ವಿರೂಪಾಕ್ಷ’ ಎಂದೂ ಮೈಸೂರು ಒಡೆಯರು ‘ಶ್ರೀಕೃಷ್ಣ’ ಎಂದೂ ಬರೆಯುತ್ತಿದ್ದರು. ಟಿಪ್ಪು ಪಾರಸಿ ಕಾಗದಗಳಲ್ಲಿ ‘ನಬೀ ಮಾಲಿಕ್’ ಎಂದು ಹಾಕುತ್ತಿದ್ದ. ಇಂಗ್ಲಿಷಿನಲ್ಲಿ ‘ಶ್ರೀಕೃಷ್ಣನ ಸಹಿ’ ಎಂದು ಕಂಡರೆ ಅದು ಯಾರೋ ಗುಮಾಸ್ತನ ಹೆಸರೆಂದು ತಿಳಿಯಬೇಡಿ. ಸಹಿಯ ಮೇಲೆ ಒಂದು ಸಂಸ್ಥಾನದ ಹಣೆಬರಹವೇ ನಿಂತದ್ದೂ ಉಂಟು. 1824ರಲ್ಲಿ ಕಿತ್ತೂರಿನ ದತ್ತಕವನ್ನು ತಿಳಿಸಿದ ಪತ್ರದ ಸಹಿ ನಿಜವಾದುದಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಶಯಪಟ್ಟದ್ದೇ ಮುಂದಿನ ಯುದ್ಧಕ್ಕೆ ದಾರಿಯಾಯಿತು.

ತಾರೀಖಿನಲ್ಲಿ ಮೊದಲು ಯಾವ ಶಕೆ ಎಂದು ಗೊತ್ತುಮಾಡಿಕೊಳ್ಳಬೇಕು. ಮರಾಠಿ ಕಾಗದದಲ್ಲಿ ತಾರೀಖಿನ ಹಿಂದೆ ಬರುವ ‘ಛ’ ಚಂದ್ರಮಾನದ ಮುಸಲ್ಮಾನಿ ದಿನವನ್ನು ತೋರಿಸುತ್ತದೆ; ಅದನ್ನು ಹೆಸರಿನ ಮೊದಲಕ್ಷರವೆಂದು ಓದಿದರೆ ಕೆಟ್ಟಿತು. ಕನ್ನಡ ಕಾಗದದಲ್ಲಿ ಸಂವತ್ಸರ ಮಾತ್ರವಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: ಸಿದ್ಧಾರ್ಥಿ 1799ರಲ್ಲೂ ಇದೆ, 1739ರಲ್ಲೂ ಇದೆ. ಯಾವುದೆಂದು ಪತ್ರದಲ್ಲಿರುವ ಅಧಿಕಾರಿಗಳ ಹೆಸರಿನಿಂದ ತೀರ್ಮಾನಿಸಬೇಕು. ಟಿಪ್ಪುವಿನ ಕಾಗದಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಅವನು ಮೌಲೂದಿ ಶಕೆಯನ್ನು ತಂದ ಮೇಲೆ 1215 ಎಂದರೆ ಕ್ರಿ.ಶ. 1787. ಅದನ್ನೇ ಹಿಜರಿ ಎಂದುಕೊಂಡು ಲೆಕ್ಕ ಹಾಕಿದರೆ 1800–01 ಬರುತ್ತದೆ; ಆಗ ಅವನು ಬದುಕಿರಲೇ ಇಲ್ಲ.

‘ಮುಚ್ಚಳಿಕೆ’ಯ ಬಗ್ಗೆ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಹೇಳಿಬಿಡುತ್ತೇನೆ, ಈ ಕಾಗದಗಳಲ್ಲಿ ಅದು ಬಂದೇ ಬರುತ್ತದೆ. ಪಾರಸಿಯ ‘ಮುಚಲ್ಕಾ’ದಿಂದ ಬಂದ ಮಾತು ಅದು, ನಮ್ಮ ಮುಚ್ಚಳಕ್ಕೂ ಅದಕ್ಕೂ ನಂಟಿಲ್ಲ. ಇನ್ನು ಹೀಗೆ ಮಾಡುವುದಿಲ್ಲ, ಮಾಡಿದರೆ ಇಷ್ಟು ದಂಡ ತೆರುತ್ತೇನೆ ಎಂದು ಬರೆದುಕೊಡುವ ಕಟ್ಟುಪತ್ರ. ಅದನ್ನು ಬದಲಿಸದೆ ಹಾಗೆಯೇ ಇಡಬಹುದು. ಇಂದಿಗೂ ಪೊಲೀಸ್ ಠಾಣೆಯಲ್ಲಿ ಅದೇ ಅರ್ಥದಲ್ಲಿ ಬಳಕೆಯಲ್ಲಿದೆ.