‘ಸ್ಕಾರ್ಲೆಟ್ ಸ್ಟ್ರೀಟ್’ನ ಕ್ರಿಸ್‌ಗೆ ಶಿಕ್ಷೆ ಆಯ್ತಾ, ಇಲ್ವಾ?

ಪ್ರಶ್ನೆ: ಫ್ರಿಟ್ಜ್ ಲ್ಯಾಂಗ್ ಅವರ ಈ 1945ರ ಸಿನಿಮಾ ನಿನ್ನೆ ರಾತ್ರಿ ನೋಡಿದೆ. ಕ್ಯಾಷಿಯರ್ ಕ್ರಿಸ್, ತಾನು ಮರುಳಾದ ಕಿಟ್ಟಿಯ ಕಾಲುಗುರಿಗೆ ಬಣ್ಣ ಹಚ್ಚೋದು ನೋಡಿ ಸಂಕಟ ಆಯ್ತು. ಅಷ್ಟು ಒಳ್ಳೆ ಕಲಾವಿದ! ಅವಳಿಗೋಸ್ಕರ ಆಫೀಸಿನ ದುಡ್ಡು ಕದ್ದ, ಅವನ ಚಿತ್ರಗಳು ಅವಳ ಹೆಸರಲ್ಲಿ ಮಾರಾಟವಾದವು. ಕೊನೆಗೆ ಅವಳನ್ನು ಕೊಂದವನು ಇವನು, ಮರಣದಂಡನೆ ಅವಳ ಪ್ರಿಯಕರ ಜಾನಿಗೆ. ಆಗಿನ ಸೆನ್ಸಾರ್ ಹೇಗೆ ಒಪ್ಪಿತು?

ಉತ್ತರ 1: ಎಲ್ಲರೂ ಒಪ್ಪಲಿಲ್ಲ. 1946ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನ್ಸಾರ್ ನಿಷೇಧಿಸಿತ್ತು. ಸಿನಿಮಾಗಳು ನೀತಿ ನಿಯಮ ಪಾಲಿಸುತ್ತವಾ ಅಂತ ನೋಡುತ್ತಿದ್ದ ಹಾಲಿವುಡ್‌ನ ಕೋಡ್ ಕಚೇರಿ ಮಾತ್ರ ಒಪ್ಪಿತು: ಸತ್ತ ಅವರಿಬ್ಬರ ದನಿ ಕ್ರಿಸ್‌ನ ಕಿವಿ ಬಿಡೋದೇ ಇಲ್ವಲ್ಲ, ಅದೇ ಶಿಕ್ಷೆ ಅಂತ.

ಉತ್ತರ 2: ಇದೇ ಕಥೆಯ ಮೇಲೆ ಝಾನ್ ರೆನ್ವಾರ್ 1931ರಲ್ಲಿ ‘ಲಾ ಶಿಯೆನ್’ ಮಾಡಿದ್ರು, ದಯವಿಟ್ಟು ನೋಡಿ. ಅಲ್ಲಿ ಅವನು ಅಲೆಮಾರಿಯಾಗಿ ಹಾಯಾಗಿರ್ತಾನೆ. ನನಗೆ ಲ್ಯಾಂಗ್ ಅವರದೇ ಹೆಚ್ಚು ನಿಜ ಅನಿಸುತ್ತೆ, ಕ್ರಿಸ್ ಆಗಿ ನಟಿಸಿದ ರಾಬಿನ್ಸನ್ ಅವರ ಆ ಮುಖದಿಂದಾಗಿ.